ಕಾಗೆ ಬಂಗಾರದ ಭೀಮಕ್ಕ

ಭೀಮಕ್ಕ ನಮ್ಮ ಕಾರ್ಖಾನೆಗೆ ಬಂದದ್ದು ಕಸ ಗುಡಿಸುವ ಕೆಲಸಕ್ಕೆ. ೧೯೭೭ರ ಮಾತು ಇದು. ಕಾರ್ಖಾನೆ ಅಂದರೆ ಬಹಳ ದೊಡ್ಡದೇನಲ್ಲ. ಮಧುಗಿರಿಯಲ್ಲಿ ಬೆಟ್ಟದ ಕಡೆ ಹೋಗುವ ರಸ್ತೆಯಲ್ಲಿ ಒಂದು ಉದ್ದನೆಯ ಹೆಂಚಿನ ಕಟ್ಟಡವಿತ್ತು, ಮೊದಲು ಕಡಲೆಕಾಯಿ ಗೋದಾಮಾಗಿತ್ತು. ಸೈನ್ಯದಲ್ಲಿ ವೈರ್‌ಲೆಸ್ ವಿಭಾಗದಲ್ಲಿದ್ದು ನಿವೃತ್ತರಾಗಿ ಬಂದ ಪರ್ವತಯ್ಯನವರು ಅದನ್ನು ಬಾಡಿಗೆಗೆ ಹಿಡಿದು, ಮೈಕ್‌ಸೆಟ್ಟಿನವರಿಗೆ ಬೇಕಾದ ಆಂಪ್ಲಿಫೈಯರ್ ಪೆಟ್ಟಿಗೆಗಳನ್ನು ಮಾಡಿಸುತ್ತಿದ್ದರು. ನಾನು ತುಮಕೂರಿನಲ್ಲಿ ಡಿಪ್ಲೊಮಾ ಮುಗಿಸಿ ಅಲ್ಲಿಗೆ ಸೂಪರ್‌ವೈಸರ್ ಆಗಿ ಸೇರಿದ್ದೆ. ವಯಸ್ಸು ಇಪ್ಪತ್ತಮೂರು. ಆ ಗೋದಾಮಿನೊಳಗೆ ನನಗೆ ತಿಳಿಯದ್ದು ಏನೂ ಇಲ್ಲ ಎಂದು ನಂಬಿಕೊಂಡಿದ್ದ ಕಾಲ ಅದು.

ಭೀಮಕ್ಕನಿಗೆ ಆಗ ಮೂವತ್ತೆಂಟೋ ನಲವತ್ತೋ. ದೊಡ್ಡೇರಿ ಹತ್ತಿರದ ಹಳ್ಳಿಯವಳು, ಕುರಿ ಸಾಕುವ ಮನೆತನ. ಗಂಡ ಕ್ಯಾತಪ್ಪ ವರ್ಷದಲ್ಲಿ ಏಳೆಂಟು ತಿಂಗಳು ಮಂದೆ ಹೊಡೆದುಕೊಂಡು ಹುಲಿಕುಂಟೆ, ಬುಕ್ಕಾಪಟ್ಟಣದ ಮೇವಿನ ಕಾವಲುಗಳಲ್ಲಿ ಇರುತ್ತಿದ್ದ. ಇವಳೂ ಮೊದಲು ಅವನ ಜೊತೆಯಲ್ಲೇ ತಿರುಗಿದವಳು. ಒಂದು ಸಲ ಮರಿಯೊಂದನ್ನು ಹಿಡಿಯಲು ಹೋಗಿ ಬಂಡೆಯಿಂದ ಜಾರಿ, ಪಾದದ ಕೀಲು ಮುರಿದುಕೊಂಡಳು. ಮೂಳೆ ಕೂಡಿಕೊಂಡರೂ ಕಾಲು ಮೊದಲಿನಂತೆ ಆಗಲಿಲ್ಲ. ಮಂದೆಯ ಹಿಂದೆ ಓಡುವುದು ಇನ್ನು ಆಗದು ಎಂದು ಗೊತ್ತಾದ ಮೇಲೆ ಮಧುಗಿರಿಯಲ್ಲಿದ್ದ ತಂಗಿಯ ಮನೆಗೆ ಬಂದಳು. ಸುಮ್ಮನೆ ಕೂತು ಉಣ್ಣುವುದು ಅವಳಿಗೆ ಒಗ್ಗದು. ಕೆಲಸ ಕೇಳಿಕೊಂಡು ನಮ್ಮಲ್ಲಿಗೆ ಬಂದಳು.

ಮಧ್ಯಾಹ್ನ ಎಲ್ಲರೂ ಊಟ ಮಾಡಿ ಕಣ್ಣು ಮುಚ್ಚಿದರೆ, ಅವಳು ಮಡಿಲಿನಿಂದ ಒಂದು ಹಿಡಿ ಉಣ್ಣೆ ತೆಗೆದು ಕೈಯಲ್ಲೇ ನೂಲು ತೆಗೆಯುತ್ತಾ ಕೂರುತ್ತಿದ್ದಳು. ನೋಡಬೇಕು ಎನ್ನಿಸುವಂಥ ಬೆರಳುಗಳು. ದಪ್ಪ, ಒರಟು, ಆದರೆ ಉಣ್ಣೆಯೊಳಗಿನ ಒಂದು ಹುಲ್ಲಿನ ಚೂರನ್ನೂ ಕಣ್ಣು ಹಾಯಿಸದೆ ಹುಡುಕಿ ತೆಗೆದು ಬಿಸಾಡುತ್ತಿದ್ದವು.

ನಮ್ಮ ಪೆಟ್ಟಿಗೆಯಲ್ಲಿ ಮುಖ್ಯವಾದ ಭಾಗವೆಂದರೆ ಪವರ್ ಟ್ರಾನ್ಸಿಸ್ಟರ್. ಪುಟ್ಟ ಟೋಪಿಯ ಹಾಗಿರುವ ಲೋಹದ ಬಿಲ್ಲೆ. ಧ್ವನಿಗೆ ಬಲ ಕೊಡುವುದು ಅದೇ, ಕೊಡುತ್ತಾ ಕೊಡುತ್ತಾ ಕೆಂಡದಂತೆ ಬಿಸಿಯಾಗುವುದೂ ಅದೇ. ಆ ಬಿಸಿಯನ್ನು ಹೊರಗೆ ಬಿಡದಿದ್ದರೆ ಸುಟ್ಟು ಹೋಗುತ್ತದೆ. ಅದಕ್ಕೇ ಅದನ್ನು ರೆಕ್ಕೆರೆಕ್ಕೆಯಾದ ಅಲ್ಯುಮಿನಿಯಂ ಹಲಗೆಯೊಂದಕ್ಕೆ, ಹೀಟ್‌ಸಿಂಕ್ ಎಂಬುದಕ್ಕೆ, ಸ್ಕ್ರೂ ಹಾಕಿ ಬಿಗಿಯಬೇಕು. ತೊಡಕು ಇರುವುದು ಇಲ್ಲಿ. ಆ ಟೋಪಿಯ ಮೈಯಲ್ಲೇ ಕರೆಂಟ್ ಹರಿಯುತ್ತಿರುತ್ತದೆ. ನೇರವಾಗಿ ಬಿಗಿದರೆ ಕರೆಂಟ್ ಹಲಗೆಗೆ ಇಳಿದು, ಅಲ್ಲಿಂದ ಪೆಟ್ಟಿಗೆಯ ಮೈಗೆ ಬಂದು ಎಲ್ಲವೂ ಶಾರ್ಟ್. ಆದ್ದರಿಂದ ನಡುವೆ ಮೈಕಾದ ಒಂದು ತೆಳು ಹಾಳೆ ಇಡುತ್ತೇವೆ. ಅದರ ಎರಡೂ ಬದಿಗೆ ಬಿಳಿ ಪೇಸ್ಟ್ ಸವರುತ್ತೇವೆ. ಸ್ಕ್ರೂಗಳಿಗೆ ಪ್ಲಾಸ್ಟಿಕ್ ಬಳೆ ತೊಡಿಸುತ್ತೇವೆ.

ಆ ಮೈಕಾ ಹಾಳೆಯೇ ನನಗೆ ತಲೆನೋವು. ಮದುವೆ ಪತ್ರಿಕೆಯ ಕಾಗದಕ್ಕಿಂತ ತೆಳು. ಒಂದು ಮಡಿಕೆ ಬಿದ್ದರೆ, ಉಗುರು ತಾಗಿದರೆ ಮುಗಿಯಿತು. ಜೋಡಣೆಯ ಬೆಂಚಿನಲ್ಲಿ ಕೂರುತ್ತಿದ್ದವರು ದಿನಕ್ಕೆ ಹತ್ತಾರು ಹಾಳೆ ಹಾಳು ಮಾಡುತ್ತಿದ್ದರು. ಒಂದು ದಿನ ನಾನೇ ಒಂದು ಡಬ್ಬಿ ಕೈಜಾರಿಸಿ ಬೀಳಿಸಿದೆ. ಇನ್ನೂರು ಹಾಳೆ ನೆಲದ ತುಂಬ. ಗುಡಿಸುತ್ತಿದ್ದ ಭೀಮಕ್ಕ ಪೊರಕೆ ಬದಿಗಿಟ್ಟು ಕುಳಿತಳು.

"ಕಾಗೆ ಬಂಗಾರ ಅಲ್ವಾ ಸಾರ್ ಇದು? ಬಂಡೆ ಸಂದೀಲಿ ಸಿಗ್ತದೆ. ನಾವು ಚಿಕ್ಕೋರಾಗಿದ್ದಾಗ ಪದರ ಬುಡಿಸ್ತಾ ಕೂರ್ತಿದ್ವಿ."

ಎರಡು ಬೆರಳಿನಿಂದ ಅಂಚು ಹಿಡಿದು ಒಂದೊಂದಾಗಿ ಎತ್ತಿ ಜೋಡಿಸಿದಳು. ಅರ್ಧ ಗಂಟೆಯಲ್ಲಿ ಡಬ್ಬಿ ತುಂಬಿತು. ನಾನು ಪರೀಕ್ಷಿಸಿ ನೋಡಿದೆ. ಒಂದಕ್ಕೂ ಗೀರಿಲ್ಲ. ಮಾರನೆಯ ದಿನವೇ ಪರ್ವತಯ್ಯನವರು ಪೊರಕೆ ಬೇರೆಯವರಿಗೆ ಕೊಟ್ಟು ಅವಳನ್ನು ಬೆಂಚಿಗೆ ಕೂರಿಸಿದರು.

ನಾನು ಅವಳಿಗೆ ಪಾಠ ಹೇಳಿದೆ. "ನೋಡು ಭೀಮಕ್ಕ, ಬಿಸಿ ಆ ಕಡೆ ಹೋಗಬೇಕು, ಕರೆಂಟ್ ಹೋಗಬಾರದು. ಅದಕ್ಕೇ ಈ ಮೈಕಾ."

ಅವಳು ಹಾಳೆಯನ್ನು ತಿರುಗಿಸಿ ನೋಡಿದಳು. "ನಮ್ ಕಂಬ್ಳಿ ಬಿಸೀನೂ ಬುಡಾಕಿಲ್ಲ, ಮಳೇನೂ ಬುಡಾಕಿಲ್ಲ. ಇದು ಕಂಬ್ಳಿಗಿಂತ ಜಾಣ ಕಣಪ್ಪ."

ಪೇಸ್ಟ್ ಎಷ್ಟು ಸವರಬೇಕು ಎಂಬುದನ್ನು ನಾನು ಪುಸ್ತಕದ ಭಾಷೆಯಲ್ಲಿ ಎರಡು ಮೂರು ಸಲ ಹೇಳಿದ್ದೆ. ಹೆಚ್ಚಾದರೆ ಅದೇ ಬಿಸಿಯನ್ನು ತಡೆಯುತ್ತದೆ, ಕಮ್ಮಿಯಾದರೆ ನಡುವೆ ಗಾಳಿ ಉಳಿಯುತ್ತದೆ. ಯಾರ ತಲೆಗೂ ಹತ್ತಿರಲಿಲ್ಲ. ಅವಳು ಪಕ್ಕದವರಿಗೆ ಒಂದೇ ಮಾತಿನಲ್ಲಿ ಹೇಳಿಬಿಟ್ಟಳು: "ಹೊಸ ಹೆಂಚಿಗೆ ಎಣ್ಣೆ ಒರೆಸ್ದಂಗೆ ಒರೆಸ್ರಮ್ಮ, ರೊಟ್ಟಿಗೆ ಬೆಣ್ಣೆ ಹಚ್ಚಿದಂಗಲ್ಲ." ಅಂದಿನಿಂದ ಪೇಸ್ಟ್ ಸರಿಹೋಯಿತು.

ಎರಡು ವರ್ಷ ಹೀಗೆ ಚೆನ್ನಾಗಿ ನಡೆಯಿತು. ೧೯೭೯ರ ಬೇಸಿಗೆಗೆ ಮೊದಲು ಆರ್ಡರ್ ಜಾಸ್ತಿಯಾಗಿ, ಅಲ್ಯುಮಿನಿಯಂ ಹಲಗೆಗಳಿಗೆ ನಾವೇ ತೂತು ಕೊರೆಯುವುದನ್ನು ಬಿಟ್ಟು ಹೊರಗಿನ ಒಂದು ವರ್ಕ್‌ಶಾಪಿನಲ್ಲಿ ಕೊರೆಸಿ ತರಿಸತೊಡಗಿದೆವು. ಮೊದಲ ಕಂತು ಬಂದ ದಿನವೇ ಭೀಮಕ್ಕ ಒಂದು ಹಲಗೆ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದಳು.

"ಸಾರ್, ಈ ಸಲದ ತೂತು ಒರಟು. ಮುಳ್ಳೈತೆ."

ನಾನು ಬೆರಳಾಡಿಸಿದೆ. ಏನೂ ತಾಗಲಿಲ್ಲ. "ಚೆನ್ನಾಗೇ ಇದೆಯಲ್ಲ. ಸವರುತ್ತಾ ಕೂತರೆ ಕೆಲಸ ಆಗುತ್ತಾ? ಹೋಗು, ಬೇಗ ಬೇಗ ಮುಗಿಸು."

ಅವಳು ಹಲಗೆ ಹಿಡಿದುಕೊಂಡು ಬೆಂಚಿಗೆ ಹೋದಳು. ಊಟದ ಹೊತ್ತಿನಲ್ಲಿ ನೂಲುವುದು ಬಿಟ್ಟು, ಒಂದು ಹಳೆಯ ಕುಡುಗೋಲಿನ ತುದಿಯಿಂದ ತೂತುಗಳ ಅಂಚು ಕೆರೆಯುತ್ತಿದ್ದದ್ದನ್ನು ನಾನು ನೋಡಿದ್ದೆ. ನೋಡಿಯೂ ಸುಮ್ಮನಿದ್ದೆ. ಬಿಡುವಿನಲ್ಲಿ ಎಷ್ಟು ಸಾಧ್ಯವೋ ಅಷ್ಟನ್ನು ಮಾತ್ರ ಕೆರೆದಳು, ಉಳಿದವು ಹಾಗೆಯೇ ಪೆಟ್ಟಿಗೆ ಸೇರಿದವು.

ಏಪ್ರಿಲ್ ಕೊನೆಯ ವಾರ ಪಾವಗಡದ ಬಸ್ಸಿನ ಮೇಲಿಂದ ಒಂದು ಪೆಟ್ಟಿಗೆ ಇಳಿಯಿತು. ಅದರ ಹಿಂದೆಯೇ ಅದರ ಯಜಮಾನ ಓಬಳಯ್ಯ ಇಳಿದ. ಪಾವಗಡ ಸುತ್ತಿನ ಮದುವೆಗಳಿಗೆಲ್ಲ ಮೈಕ್‌ಸೆಟ್ ಕೊಡುತ್ತಿದ್ದವನು. ಅರ್ಧ ಕನ್ನಡ, ಅರ್ಧ ತೆಲುಗು.

"ಏಮಿ ಸಾರ್ ಇದಿ, ಆಂಪ್ಲಿಫೈಯರಾ, ಒಲೆನಾ? ತಾಳಿ ಕಟ್ಟೋ ಟೈಮಿಗೆ ಸರಿಯಾಗಿ ಪೊಗ ಬಂತು, ಹೊಗೆ ಸಾರ್ ಹೊಗೆ. ಗಟ್ಟಿಮೇಳ ನಿಂತೇ ಹೋಯ್ತು. ಹುಡುಗಿ ಮಾವ ನನ್ನನ್ನೇ ತಿನ್ನೋ ಹಂಗೆ ನೋಡ್ತಾನೆ."

ನಾನು ಪೆಟ್ಟಿಗೆ ಬಿಚ್ಚಿದೆ. ಟ್ರಾನ್ಸಿಸ್ಟರ್‌ನಿಂದ ಹಲಗೆಗೆ ಪೂರ್ತಿ ಶಾರ್ಟ್. ನಮ್ಮಿಂದ ಹೋಗುವಾಗ ಮೀಟರಿನಲ್ಲಿ ಸರಿ ತೋರಿಸಿದ್ದದ್ದೇ. ಆ ವಾರದಲ್ಲೇ ಸಿರಾದಿಂದ ಎರಡು, ಕೊರಟಗೆರೆಯಿಂದ ಒಂದು ಹೀಗೆಯೇ ವಾಪಸು ಬಂದವು. ಪರ್ವತಯ್ಯನವರು ಏನು ಕಾರಣ ಎಂದು ಕೇಳಿದರು. ಕಾರಣ ಹೇಳಲೇಬೇಕಾದ ಇಕ್ಕಟ್ಟಿನಲ್ಲಿ ನನಗೆ ಥಟ್ಟನೆ ಹೊಳೆದದ್ದು ಭೀಮಕ್ಕನ ಕೈ.

"ಸ್ಕ್ರೂ ವಿಪರೀತ ಬಿಗಿಯುತ್ತಾಳೆ ಸಾರ್. ಹೆಸರೇ ಭೀಮಕ್ಕ. ಆ ಕೈಯ ಬಲಕ್ಕೆ ಮೈಕಾ ಒಡೆಯುತ್ತಿದೆ."

ಅವರು ತಲೆಯಾಡಿಸಿದರು. ನಾನು ಹೋಗಿ ಭೀಮಕ್ಕನಿಗೆ ನಾಳೆಯಿಂದ ಪ್ಯಾಕಿಂಗ್ ಕಡೆ ಕೆಲಸ ಮಾಡು ಎಂದೆ. ಅವಳು ಸ್ಕ್ರೂಡ್ರೈವರ್ ಒರೆಸಿ ಬೆಂಚಿನ ಮೇಲಿಟ್ಟಳು. "ಆಯ್ತು ಸಾರ್" ಅಂದಳು, ಅಷ್ಟೇ. ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಕಸಿವಿಸಿ ಆಗುತ್ತಿರಲಿಲ್ಲ.

ಮೇ ತಿಂಗಳಲ್ಲಿ ಹನ್ನೊಂದು ಪೆಟ್ಟಿಗೆ ವಾಪಸು ಬಂದವು. ಮೊದಲಿಗಿಂತ ಜಾಸ್ತಿ. ಇವುಗಳಲ್ಲಿ ಒಂದಕ್ಕೂ ಭೀಮಕ್ಕ ಕೈ ಹಾಕಿರಲಿಲ್ಲ. ಬಿಗಿದವರ ಪಕ್ಕ ನಾನೇ ನಿಂತು ಹಗುರವಾಗಿ ಬಿಗಿಸಿದ್ದೆ.

ಒಂದು ಮಧ್ಯಾಹ್ನ ಮೂರು ಪೆಟ್ಟಿಗೆ ಬಿಚ್ಚಿಟ್ಟುಕೊಂಡು, ಸುಟ್ಟ ಮೈಕಾ ಹಾಳೆಗಳನ್ನು ಕಸದ ಬುಟ್ಟಿಗೆ ಹಾಕುತ್ತಿದ್ದೆ. ಹಿಂದಿನಿಂದ ಭೀಮಕ್ಕನ ದನಿ ಬಂತು.

"ಬಿಸಾಕ್ಬೇಡಿ ಸಾರ್, ಇಲ್ಕೊಡಿ."

ಒಂದು ಹಾಳೆಯನ್ನು ಸೆರಗಿನಿಂದ ಒರೆಸಿ ಕಿಟಕಿಯ ಬೆಳಕಿಗೆ ಹಿಡಿದಳು. "ಇಲ್ಲಿ ನೋಡಿ. ಸೂಜಿ ಚುಚ್ಚಿದಂಗೈತೆ."

ನಿಜ. ಹಾಳೆಯ ತೂತಿನ ಪಕ್ಕದಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕೆಯಲ್ಲಿ ಬೆಳಕು ಹಾಯುತ್ತಿತ್ತು. ಇನ್ನೊಂದನ್ನು ಹಿಡಿದಳು, ಅದರಲ್ಲೂ ಚುಕ್ಕೆ. ಮೂರನೆಯದರಲ್ಲೂ. ಹಾಳೆಯನ್ನು ತಂದು ಅಲ್ಯುಮಿನಿಯಂ ಹಲಗೆಯ ಮೇಲೆ ಮೊದಲಿದ್ದಂತೆ ಇಟ್ಟಳು. ಚುಕ್ಕೆ ಸರಿಯಾಗಿ ಸ್ಕ್ರೂ ತೂತಿನ ಅಂಚಿನ ಮೇಲೆ ಬಂತು.

"ಮುಳ್ಳೈತೆ ಅಂತ ಅವತ್ತೇ ಹೇಳಿದ್ನಲ್ಲ."

ನಾನು ಮತ್ತೆ ಬೆರಳಾಡಿಸಿದೆ. ಈಗಲೂ ನನಗೆ ಏನೂ ತಿಳಿಯಲಿಲ್ಲ. ನಾಚಿಕೆ ಬಿಟ್ಟು ಹಾಗೆಂದೇ ಹೇಳಿದೆ.

"ನಿಮ್ದು ಪೆನ್ ಹಿಡ್ದ ಬೆರಳು, ಅದ್ಕೆ ಗೊತ್ತಾಗಾಕಿಲ್ಲ. ತಡೀರಿ." ಮಡಿಲಿನಿಂದ ಒಂದು ಎಳೆ ಕರಿ ಉಣ್ಣೆ ತೆಗೆದು, ಬಿಡಿಸಿ, ಜೇಡರ ಬಲೆಯಷ್ಟು ತೆಳ್ಳಗೆ ಮಾಡಿ ತೂತಿನ ಮೇಲೆ ಮೆಲ್ಲಗೆ ಎಳೆದಳು. ಉಣ್ಣೆ ಮುಂದಕ್ಕೆ ಹೋಯಿತು. ಎರಡು ಕೂದಲು ಅಲ್ಲೇ ಸಿಕ್ಕಿಕೊಂಡು ಗಾಳಿಗೆ ಅಲ್ಲಾಡುತ್ತಾ ನಿಂತವು.

ಭೂತಗನ್ನಡಿ ತಂದು ನೋಡಿದೆ. ಕೂದಲು ಸಿಕ್ಕಿಕೊಂಡಿದ್ದ ಜಾಗದಲ್ಲಿ ಲೋಹದ ಒಂದು ಚೂಪು ಸಿಬಿರು ಮೇಲಕ್ಕೆ ನಿಂತಿತ್ತು. ಮೊಂಡಾದ ಡ್ರಿಲ್ ಬಿಟ್ಟಿನಿಂದ ಕೊರೆದರೆ ಅಂಚು ಹೀಗೆ ಏಳುತ್ತದೆ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ತಣ್ಣಗಿರುವಾಗ ಆ ಸಿಬಿರು ಮೈಕಾಕ್ಕೆ ಒತ್ತಿಕೊಂಡು ಸುಮ್ಮನಿರುತ್ತದೆ, ಮೀಟರಿಗೂ ಸಿಗುವುದಿಲ್ಲ. ಬಿಸಿಲಿನಲ್ಲಿ ನಾಲ್ಕು ಗಂಟೆ ಹಾಡಿ, ಬಿಸಿಯಾಗಿ ಹಿಗ್ಗಿ, ಆರಿ ಕುಗ್ಗಿ, ಬಸ್ಸಿನ ಮೇಲೆ ಕುಲುಕಾಡಿದ ಮೇಲೆ ಒಂದು ದಿನ ತೂರಿಕೊಂಡು ಆ ಕಡೆ ಮುಟ್ಟುತ್ತದೆ.

ನಾನು ನೇರವಾಗಿ ಪರ್ವತಯ್ಯನವರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ. "ಅವಳು ಮೊದಲೇ ಹೇಳಿದ್ದಳೇನಯ್ಯ?"

"ಹೇಳಿದ್ದಳು ಸಾರ್."

"ಹಾಗಿದ್ರೆ ತಪ್ಪಾಯ್ತು ಅಂತ ನನ್ನ ಹತ್ರ ಯಾಕೆ ಹೇಳ್ತೀಯಾ? ಅವಳ ಹತ್ರ ಹೋಗಿ ಹೇಳು."

ಎಲ್ಲರೂ ಕೆಲಸ ಮಾಡುತ್ತಿದ್ದ ಹೊತ್ತು. ನಾನು ಪ್ಯಾಕಿಂಗ್ ಮೂಲೆಗೆ ಹೋಗಿ ನಿಂತೆ. "ಭೀಮಕ್ಕ, ತಪ್ಪು ನಂದು. ನಿನ್ನ ಮೇಲೆ ಹಾಕಿದೆ. ನಾಳೆಯಿಂದ ಬೆಂಚಿಗೆ ಬಾ."

ಅವಳು ಹಗ್ಗ ಕಟ್ಟುವುದನ್ನು ನಿಲ್ಲಿಸಲಿಲ್ಲ. "ಬತ್ತೀನಿ. ಎರಡು ಮಾತೈತೆ."

"ಹೇಳು."

"ನನ್ ಬೆಂಚು ಕಿಟಕಿ ಹತ್ರ ಇರ್ಬೇಕು. ಒಂದೊಂದು ಕಾಗೆ ಬಂಗಾರಾನೂ ಬೆಳಕಿಗೆ ಹಿಡ್ದು ನೋಡೇ ಕೂರ್ಸೋದು. ಇನ್ನೊಂದು, ನಾನು ಬ್ಯಾಡ ಅಂದ ಹಲಗೇನ ಯಾರೂ ಬೇಕು ಅನ್ಬಾರ್ದು. ನೀವೂವೆ."

ನನ್ನ ಹಿಂದೆಯೇ ಬಂದು ನಿಂತಿದ್ದ ಪರ್ವತಯ್ಯನವರು ಆಯ್ತಮ್ಮ ಅಂದರು. ಆದರೆ ಅವರಿಗೆ ಒಳಗೇ ಚಿಂತೆ, ಮೂಲೆಯಲ್ಲಿ ರಾಶಿ ಬಿದ್ದಿದ್ದ ಹಲಗೆಗಳನ್ನೆಲ್ಲ ಇವಳು ಬೇಡ ಅಂದುಬಿಟ್ಟರೆ ಏನು ಗತಿ ಎಂದು. ಭೀಮಕ್ಕ ಅದನ್ನು ಅರ್ಥ ಮಾಡಿಕೊಂಡಂತಿತ್ತು. "ಬಿಸಾಕೋದ್ಯಾಕೆ ಬುಡಿ. ಕಾಲಿಗೆ ಮುಳ್ಳು ಚುಚ್ಚಿದ್ರೆ ಕಾಲು ಕತ್ತರಿಸ್ತಾರಾ? ಮುಳ್ಳು ತೆಗದ್ರಾಯ್ತು."

ಅವಳ ಕುಡುಗೋಲಿಗಿಂತ ಒಳ್ಳೆಯ ಉಪಾಯ ನನಗೆ ಗೊತ್ತಿತ್ತು. ಅದನ್ನಾದರೂ ಕೊಟ್ಟೆನಲ್ಲ ಎಂಬ ಸಮಾಧಾನ ನನಗೆ ಈಗಲೂ ಇದೆ. ತೂತಿಗಿಂತ ದಪ್ಪನೆಯ ಡ್ರಿಲ್ ಬಿಟ್ಟೊಂದನ್ನು ಕೈಯಲ್ಲೇ ಅಂಚಿಗೆ ಒತ್ತಿ ಎರಡು ಸುತ್ತು ತಿರುಗಿಸಿದರೆ ಸಿಬಿರು ಹೋಗಿ ಅಂಚು ನಯವಾಗುತ್ತದೆ. ಆದರೆ ಬರೀ ಡ್ರಿಲ್ ಬಿಟ್ಟನ್ನೇ ಹಿಡಿದರೆ ಕೈ ಕೊರೆಯುತ್ತದೆ. ಅದಕ್ಕೆ ಹಿಡಿ ಬೇಕಿತ್ತು. ಮುಂದಿನ ವಾರ ಕ್ಯಾತಪ್ಪ ಊರಿಗೆ ಬಂದವನು ಜಾಲಿ ಮರದಲ್ಲಿ ಒಂದು ಹಿಡಿ ಕೆತ್ತಿ ತಂದುಕೊಟ್ಟ. ಉದ್ದನೆಯ ಆಳು, ಮಾತು ಬಹಳ ಕಡಿಮೆ. ಕಾರ್ಖಾನೆಯ ಬಾಗಿಲಲ್ಲೇ ನಿಂತು ಹೆಂಡತಿಗೆ ಹೇಳಿದ, "ನಿನ್ ಕೈ ಅಳತೆಗೆ ಮಾಡಿವ್ನಿ. ಬ್ಯಾರೇರಿಗೆ ಕೊಡ್ಬ್ಯಾಡ." ಒಳಗೆ ಬನ್ನಿ ಎಂದು ನಾವು ಕರೆದರೂ ಬರಲಿಲ್ಲ. ಕುರಿ ಕಾಯುತ್ತಿವೆ ಎಂದು ಹೊರಟೇ ಹೋದ.

ಇಡೀ ಜೂನ್ ತಿಂಗಳು ಹಳೆಯ ಪೆಟ್ಟಿಗೆಗಳನ್ನೆಲ್ಲ ತರಿಸಿ ಸರಿ ಮಾಡಿದೆವು. ಓಬಳಯ್ಯ ತನ್ನ ಪೆಟ್ಟಿಗೆಯನ್ನು ಅನುಮಾನದಿಂದಲೇ ತೆಗೆದುಕೊಂಡು ಹೋಗಿದ್ದವನು, ಮುಂದಿನ ಮದುವೆ ಕಾಲದಲ್ಲಿ ಒಂದು ಚೀಲ ಕಡಲೆಕಾಯಿ ಹೊತ್ತುಕೊಂಡು ಬಂದ. "ಪೊಗ ಲೇದು, ಏಮೀ ಲೇದು. ಮೂರು ಮದುವೆ ಮಾಡ್ಸಿದ್ದೀನಿ ಸಾರ್ ಇದ್ರಲ್ಲಿ. ಇದನ್ನ ರಿಪೇರಿ ಮಾಡಿದ ಅಮ್ಮ ಯಾರು, ತೋರಿಸಿ." ಕಿಟಕಿಯ ಹತ್ತಿರ ತೋರಿಸಿದೆ. ಚೀಲವನ್ನು ಅವಳ ಬೆಂಚಿನ ಪಕ್ಕ ಇಟ್ಟು ಕೈಮುಗಿದ. ಭೀಮಕ್ಕ ಅದನ್ನು ಅಲ್ಲೇ ಎಲ್ಲರಿಗೂ ಹಂಚಿದಳು. ಅವತ್ತು ನೆಲವೆಲ್ಲ ಸಿಪ್ಪೆ. ಗೋದಾಮು ತನ್ನ ಹಳೆಯ ರೂಪಕ್ಕೆ ಹೋಯಿತು ಎಂದು ಪರ್ವತಯ್ಯನವರು ನಕ್ಕರು.

೧೯೮೧ರಲ್ಲಿ ಸರ್ಕಾರದ ಒಂದು ಇಲಾಖೆ ನಮ್ಮಲ್ಲಿ ಪೆಟ್ಟಿಗೆಗಳನ್ನು ಕೊಳ್ಳುವ ಮಾತು ಬಂತು. ನಮ್ಮ ಪರೀಕ್ಷೆಗಳ ಪಟ್ಟಿಯನ್ನು ಕಾಗದದಲ್ಲಿ ಕೊಡಬೇಕಿತ್ತು. ಅಷ್ಟರಲ್ಲಿ ಪ್ರತಿ ಹಲಗೆಗೂ ರೂಢಿಯಾಗಿದ್ದ ಉಣ್ಣೆ ಎಳೆಯುವ ಪರೀಕ್ಷೆಯನ್ನು ಉಣ್ಣೆ ಎಂದು ಬರೆಯಲು ನನಗೆ ಸಂಕೋಚವಾಗಿ 'ಫೈಬರ್ ಟೆಸ್ಟ್' ಎಂದು ಬರೆದೆ. ಬೆಂಗಳೂರಿನಿಂದ ಬಂದ ಇಂಜಿನಿಯರ್ ಕನ್ನಡಕ ಸರಿಮಾಡಿಕೊಂಡು ಪಟ್ಟಿ ಓದುತ್ತಾ ಅಲ್ಲಿಗೇ ಬಂದು ನಿಂತರು.

"ಈ ಫೈಬರ್ ಟೆಸ್ಟಿನ ಉಪಕರಣ ನೋಡಬಹುದಾ?"

ಭೀಮಕ್ಕನ ಹತ್ತಿರ ಕರೆದುಕೊಂಡು ಹೋದೆ. ಅವಳು ಮಡಿಲಿಗೆ ಕೈಹಾಕಿ ಉಣ್ಣೆ ತೆಗೆದು ಅವರ ಕೈಗೇ ಕೊಟ್ಟಳು. "ಇದೇ ಸಾಮಿ. ನೀವೇ ಎಳೆದು ನೋಡಿ." ಹತ್ತು ಹಲಗೆ ಸಾಲಾಗಿ ಇಟ್ಟಳು. ಅವುಗಳಲ್ಲಿ ಒಂದನ್ನು ಸಿಬಿರು ತೆಗೆಯದೆ ಸೇರಿಸಿದ್ದಾಳೆಂದು ನನಗೂ ಗೊತ್ತಿರಲಿಲ್ಲ. ಇಂಜಿನಿಯರ್ ಒಂದೊಂದರ ಮೇಲೂ ಉಣ್ಣೆ ಎಳೆದರು. ಏಳನೆಯದರಲ್ಲಿ ಕೂದಲು ಸಿಕ್ಕಿಕೊಂಡಿತು. ಅವರು ಬಗ್ಗಿ ನೋಡಿದರು, ಮತ್ತೆ ಎಳೆದರು, ಮತ್ತೆ ಸಿಕ್ಕಿಕೊಂಡಿತು.

"ಯಾವ ಉಣ್ಣೆ ಆದರೂ ಆಗುತ್ತಾ?" ಅವರು ಗಂಭೀರವಾಗಿಯೇ ಕೇಳಿದರು.

"ಕರೀದೇ ಆಗ್ಬೇಕು. ಬಿಳೀದು ಅಲ್ಯುಮಿನಿಯಂ ಮ್ಯಾಲೆ ಕಾಣಾಕಿಲ್ಲ. ಮರಿದಾದ್ರೆ ಇನ್ನೂ ಒಳ್ಳೇದು, ನಯವಾಗಿರ್ತದೆ."

ಅವರು ಡೈರಿಯಲ್ಲಿ ಅದನ್ನು ಬರೆದುಕೊಂಡರು. ಹೋಗುವಾಗ ಒಂದಿಷ್ಟು ಉಣ್ಣೆಯನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡದ್ದನ್ನು ನಾನು ಕಂಡೆ. ಆರ್ಡರ್ ನಮಗೇ ಬಂತು.

ಇಷ್ಟೆಲ್ಲ ಆದರೂ ತಾನು ಕೂರಿಸಿದ ಪೆಟ್ಟಿಗೆ ಹೊರಗೆ ಕೆಲಸ ಮಾಡುವುದನ್ನು ಭೀಮಕ್ಕ ಹತ್ತಿರದಿಂದ ನೋಡಿರಲಿಲ್ಲ. ೧೯೮೪ರಲ್ಲಿ ದೊಡ್ಡೇರಿಯಲ್ಲಿ ಕುರಿಗಳಿಗೆ ಚುಚ್ಚುಮದ್ದು ಹಾಕುವ ಶಿಬಿರ ನಡೆಯಿತು. ಮೈಕ್ ನಮ್ಮದೇ ಎಂದು ತಿಳಿದು ನಾನೂ ಅವಳ ಜೊತೆ ಬಸ್ಸು ಹತ್ತಿದೆ. ಬಯಲಿನ ತುಂಬ ಮಂದೆಗಳು, ಧೂಳು, ಕೂಗಾಟ. ಜೀಪಿನ ಪಕ್ಕದ ಮೇಜಿನ ಮೇಲೆ ನಮ್ಮ ಪೆಟ್ಟಿಗೆ. ಭೀಮಕ್ಕ ನೇರವಾಗಿ ಹೋಗಿ ಅದರ ಬೆನ್ನಿನ ಅಲ್ಯುಮಿನಿಯಂ ಹಲಗೆಯ ಮೇಲೆ ಅಂಗೈ ಇಟ್ಟಳು.

"ಮುಟ್ಬೇಡಮ್ಮ, ಕರೆಂಟು" ಎಂದು ಮೈಕಿನವನು ತಡೆದ.

"ಹೊಡೆಯಾಕಿಲ್ಲ ಕಣಪ್ಪ. ನಾನೇ ಕೂರ್ಸಿರಾದು. ಹದವಾಗಿ ಬಿಸಿಯಾಗೈತೆ, ಒಳ್ಳೇದು."

ಅವನು ನನ್ನ ಮುಖ ನೋಡಿದ. ನಾನು ಹೌದೆಂದೆ. ಆಗ ಅವನಿಗೆ ಹುರುಪು ಬಂದು ಮೈಕನ್ನೇ ಅವಳ ಕೈಗೆ ಕೊಟ್ಟ. "ನೀವೇ ಮಾತಾಡಿ ನೋಡಮ್ಮ." ಅಷ್ಟರಲ್ಲಿ ಕ್ಯಾತಪ್ಪನ ಮಂದೆ ಸರದಿ ತಪ್ಪಿ ಮುಂದೆ ನುಗ್ಗುತ್ತಿತ್ತು. ಭೀಮಕ್ಕ ಮೈಕನ್ನು ಬಾಯಿಗೆ ಹಿಡಿದಳು. ಗಂಡನ ಹೆಸರು ಹೇಳುವ ರೂಢಿ ಅವಳಿಗಿಲ್ಲ.

"ನಮ್ಮನೇರೇ, ಕುರೀನ ಹಿಂದಕ್ಕೆ ತಕ್ಕಳ್ಳಿ. ಇನ್ನೂ ಸರದಿ ಬಂದಿಲ್ಲ."

ಬಯಲಿನಲ್ಲಿ ಐದಾರು ಗಂಡಸರು ಗಾಬರಿಯಿಂದ ತಮ್ಮ ತಮ್ಮ ಕುರಿಗಳನ್ನು ಹಿಂದಕ್ಕೆ ಎಳೆದರು. ಕ್ಯಾತಪ್ಪ ಒಬ್ಬ ಮಾತ್ರ ಎತ್ತಲೋ ನೋಡುತ್ತಾ ನಿಂತಿದ್ದ.

"ನೀವಲ್ಲ. ಆ ಕೆಂಪು ವಲ್ಲಿ ಸುತ್ತಿರೋರು."

ಇಡೀ ಬಯಲು ನಕ್ಕಿತು. ಕ್ಯಾತಪ್ಪ ತಲೆಯ ಮೇಲಿನ ವಲ್ಲಿಯನ್ನು ಮುಟ್ಟಿ ನೋಡಿಕೊಂಡು, ಕೋಲು ಎತ್ತಿ ಮಂದೆಯನ್ನು ಹಿಂದಕ್ಕೆ ತಿರುಗಿಸಿದ. ಅವನು ನಕ್ಕದ್ದನ್ನು ನಾನು ಕಂಡದ್ದು ಅವತ್ತೊಂದೇ ದಿನ.

ವಾಪಸು ಬರುವಾಗ ಬಸ್ಸಿನಲ್ಲಿ ಭೀಮಕ್ಕ ಕೇಳಿದಳು, "ಸಾರ್, ನನ್ ದನಿ ಅಷ್ಟ್ ಗೊಗ್ಗರಾ?"

"ಇಲ್ಲ ಭೀಮಕ್ಕ, ಆ ಹಾರ್ನ್ ಹಳೇದು. ಅದರ ದೋಷ."

"ಸುಳ್ ಹೇಳ್ಬ್ಯಾಡಿ" ಎಂದು ಕಿಟಕಿಯ ಕಡೆ ತಿರುಗಿದಳು. ಭುಜ ಕುಲುಕುತ್ತಿತ್ತು, ನಗುತ್ತಿದ್ದಳು.

೧೯೮೬ರಲ್ಲಿ ನಾನು ಪಾಠ ಹೇಳುವ ಕೆಲಸ ಸಿಕ್ಕಿ ತುಮಕೂರಿಗೆ ಹೋದೆ. ನನ್ನ ಜಾಗಕ್ಕೆ ಯಾರು ಎಂದು ಪರ್ವತಯ್ಯನವರು ಕೇಳಿದಾಗ ನಾನು ಒಂದೇ ಹೆಸರು ಹೇಳಿದೆ. ಅವರೂ ಅದನ್ನೇ ಯೋಚಿಸಿದ್ದರು. ಅಷ್ಟು ಹೊತ್ತಿಗೆ ಭೀಮಕ್ಕ ಮೀಟರ್ ಓದುವುದನ್ನು, ಅಂಕಿ ಬರೆಯುವುದನ್ನು ಕಲಿತಿದ್ದಳು. ಅಕ್ಷರಗಳು ಮಾತ್ರ ಇನ್ನೂ ಅರ್ಧ ದಾರಿಯಲ್ಲಿದ್ದವು, ತಂಗಿಯ ಮಗಳ ಸ್ಲೇಟಿನಲ್ಲಿ ತಿದ್ದುತ್ತಿದ್ದಳು. ಎರಡು ವರ್ಷದ ಮೇಲೆ ಪರ್ವತಯ್ಯನವರು ನನಗೆ ಕಾಗದ ಬರೆದರು. ಆ ಎರಡು ವರ್ಷದಲ್ಲಿ ವಾಪಸು ಬಂದದ್ದು ಮೂರೇ ಪೆಟ್ಟಿಗೆಯಂತೆ, ಅದರಲ್ಲಿ ಒಂದರ ವೈರನ್ನು ಇಲಿ ಕಡಿದಿತ್ತಂತೆ. ಕಾಗದದ ಕೊನೆಯಲ್ಲಿ ಬೇರೆ ಕೈಬರಹದಲ್ಲಿ, ಒಂದೊಂದು ಅಕ್ಷರವೂ ಹೆಬ್ಬೆರಳಿನಷ್ಟು ದೊಡ್ಡದಾಗಿ, ಒಂದು ಸಾಲಿತ್ತು: 'ಸಾರ್ ನಾನು ಚೆನ್ನಾಗಿ ಇದೀನಿ. ಬೇಸಿಗೆಲಿ ಬನ್ನಿ. ಭೀಮಕ್ಕ.'